ಅಕ್ಕನ ಕೈ ಉರಿಗೆ ಕೆಟಮಿನ್ ಡ್ರಿಪ್ಪು ಹಾಕೋಣ ಅಂತಿದಾರೆ. ತಗೊಂಡವರು ಯಾರಾದ್ರೂ ಇದ್ದೀರಾ?

ಹಾಸನದ_ತಮ್ಮ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮಕ್ಕನಿಗೆ 46 ವರ್ಷ. ಹೋದ ಮಳೆಗಾಲದಲ್ಲಿ ಹಿತ್ತಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರೀತು. ಪ್ಲಾಸ್ಟರ್ ಹಾಕಿದ್ರು. ಮೂಳೆ ಚೆನ್ನಾಗಿ ಕೂಡ್ಕೊಂಡಿದೆ ಅಂತ ಎಕ್ಸ್‌ರೇ ನೋಡಿ ಹೇಳಿದ್ರು. ನಿಜವಾದ ಕಷ್ಟ ಶುರುವಾಗಿದ್ದು ಪ್ಲಾಸ್ಟರ್ ಬಿಚ್ಚಿದ ಮೇಲೆ. ಕೈ ಊದ್ಕೊಂಡು ಚರ್ಮ ಹೊಳೆಯುತ್ತೆ, ಒಂದು ಹೊತ್ತು ಬಿಸಿ, ಇನ್ನೊಂದು ಹೊತ್ತು ತಣ್ಣಗೆ. ಸೀರೆ ಸೆರಗು ತಾಗಿದ್ರೂ ಚೀರ್ತಾಳೆ. ಫ್ಯಾನ್ ಗಾಳಿಯೂ ಆಗಲ್ಲ. ಮೂಳೆ ಕೂಡಿದ ಮೇಲೆ ಎಂಥ ನೋವು, ಕೆಲಸ ತಪ್ಪಿಸ್ಕೊಳ್ಳೋಕೆ ನಾಟಕ ಅಂತ ಮನೆಯಲ್ಲೇ ಅಂದವರಿದ್ದಾರೆ.

ಬೆಂಗಳೂರಲ್ಲಿ ಪೇನ್ ಕ್ಲಿನಿಕ್‌ಗೆ ತೋರಿಸಿದ ಮೇಲೆ ಸಿಆರ್‌ಪಿಎಸ್ ಅಂತ ಹೆಸರು ಸಿಕ್ತು, ಗಾಯ ಮಾಗಿದ ಮೇಲೂ ಬಿಡದ ವಿಪರೀತ ನೋವಿನ ಕಾಯಿಲೆಯಂತೆ. ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ನಡೀತಿದೆ. ಕುತ್ತಿಗೆ ಹತ್ರ ಸ್ಟೆಲೇಟ್ ಬ್ಲಾಕ್ ಅಂತ ಇಂಜೆಕ್ಷನ್ ಕೂಡ ಕೊಟ್ರು. ಕೊಟ್ಟಾಗ ಸ್ವಲ್ಪ ದಿನ ಹಗುರ, ಆಮೇಲೆ ಅದೇ ಕಥೆ. ಈಗ ಡಾಕ್ಟ್ರು ಕೆಟಮಿನ್ ಅನ್ನೋ ಅರಿವಳಿಕೆ ಮದ್ದಿನ ಇನ್ಫ್ಯೂಷನ್ (ಡ್ರಿಪ್ಪು) ಮಾಡೋಣ, ಒಂದು ವಾರ ದಿನಾ ಬಂದು ಕೆಲವು ಗಂಟೆ ಮಲಗಿ ಹೋಗ್ಬೇಕು ಅಂತಿದಾರೆ. ಅಳಿಯ ಮೊಬೈಲಲ್ಲಿ ಹುಡುಕಿ "ಮಾವಾ, ಇದು ಪಾರ್ಟಿ ಡ್ರಗ್ಸು" ಅಂದ. ಅವತ್ತಿಂದ ಮನೆಯಲ್ಲಿ ಗಲಾಟೆ.

ತಗೊಂಡವರು ಇದ್ರೆ ಹೇಳಿ. ಏನಾಗುತ್ತೆ? ಚಟ ಹತ್ತುತ್ತಾ? ಖರ್ಚು ಎಷ್ಟು?

ಸುಮ್ನೆ_ಓದ್ತೀನಿ
ಇದು ಕುದುರೆಗೆ ಕೊಡೋ ಮದ್ದಲ್ವಾ?

ಕಾಡು_ಪಶುವೈದ್ಯ
ಕುದುರೆಗೆ ಮಾತ್ರ ಯಾಕೆ, ಚಿರತೆಗೂ ಕೊಡ್ತೀವಿ. ಬಾವಿಗೆ ಬಿದ್ದಿದ್ದೋ, ದನದ ಕೊಟ್ಟಿಗೆಗೆ ನುಗ್ಗಿದ್ದೋ ಸಿಕ್ಕಾಗ ಡಾರ್ಟಲ್ಲಿ ತುಂಬೋದು ಕೆಟಮಿನ್ ಮತ್ತು ಝೈಲಝಿನ್ ಮಿಶ್ರಣ. ಆದ್ರೆ ಅದರರ್ಥ ಇದು ಪ್ರಾಣಿ ಮದ್ದು ಅಂತಲ್ಲ. ಮನುಷ್ಯರಿಗೂ ಕೊಡೋ ಮದ್ದೇ.

ಚಿರತೆ ಕಣ್ಣು ಬಿಟ್ಕೊಂಡೇ ಮಲಗಿರುತ್ತೆ. ಹೊಸಬರು ಎಚ್ಚರ ಇದೆ ಅಂತ ಹೆದರ್ತಾರೆ. ಕಣ್ಣು ಒಣಗಬಾರದು ಅಂತ ಮುಲಾಮು ಹಚ್ಚಿ ಬಟ್ಟೆ ಕಟ್ತೀವಿ.

ಸುಮ್ನೆ_ಓದ್ತೀನಿ
ಸಾರ್, ಇದಕ್ಕೇ ಒಂದು ಬೇರೆ ದಾರ (ಥ್ರೆಡ್) ತೆಗೀರಿ, ಚಿರತೆ ಕಥೆ ಕೇಳೋಣ 🙏

ಅರಿವಳಿಕೆ_ಅಣ್ಣ
ನಾನು ಅನಸ್ತೇಷಿಯಾದವನು. ಇಪ್ಪತ್ತು ವರ್ಷಕ್ಕೂ ಹೆಚ್ಚು ತಾಲ್ಲೂಕು ಆಸ್ಪತ್ರೆ, ಜಿಲ್ಲಾಸ್ಪತ್ರೆಗಳಲ್ಲಿ ಕಳೆದಿದ್ದೀನಿ. ಹಾಸನದವರೇ, ನಿಮ್ಮ ಅಳಿಯ ಹೇಳಿದ್ದು ಅರ್ಧ ಸತ್ಯ.

ಇದನ್ನ 1962ರಲ್ಲಿ ಅಮೆರಿಕದ ಪಾರ್ಕ್ ಡೇವಿಸ್ ಕಂಪನಿಗಾಗಿ ಕ್ಯಾಲ್ವಿನ್ ಸ್ಟೀವನ್ಸ್ ಅನ್ನೋ ರಸಾಯನ ವಿಜ್ಞಾನಿ ತಯಾರಿಸಿದ್ದು. 1970ರಲ್ಲಿ ಅಲ್ಲಿ ಮಂಜೂರಾತಿ ಸಿಕ್ತು, ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳಿಗೆ ಬಳಸಿದ್ರು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ದಶಕಗಳಿಂದ ಇದೆ. ಕಾರಣ ಸರಳ. ಬೇರೆ ಹೆಚ್ಚಿನ ಅರಿವಳಿಕೆಗಳು ಉಸಿರು, ಬಿಪಿ ಎರಡನ್ನೂ ಇಳಿಸ್ತವೆ, ಇದು ಸಾಮಾನ್ಯವಾಗಿ ಉಸಿರು ನಿಲ್ಲಿಸಲ್ಲ, ಬಿಪಿ ಏರಿಸುತ್ತೆ. ಕರೆಂಟು ಹೋಗಿ ಬರ್ತಿದ್ದ ಊರುಗಳಲ್ಲಿ ಸುಟ್ಟ ಮಕ್ಕಳ ಡ್ರೆಸಿಂಗು, ಮುರಿದ ಮೂಳೆ ಕೂರಿಸೋದು, ಎಲ್ಲ ಇದರ ಮೇಲೇ ಮಾಡಿದ್ದೀವಿ.

ನೋವಿಗೆ ಕೊಡೋದು ಆಪರೇಷನ್ ಡೋಸಿನ ಚಿಕ್ಕ ಪಾಲು. ನಿಮ್ಮಕ್ಕನ ಕಾಯಿಲೆಯಲ್ಲಿ ಏನಾಗಿದೆ ಅಂದ್ರೆ, ಕಳ್ಳ ಓಡಿಹೋಗಿ ಯಾವ ಕಾಲ ಆಯ್ತು, ನಾಯಿ ಮಾತ್ರ ಬೊಗಳೋದು ನಿಲ್ಲಿಸಿಲ್ಲ. ಮೂಳೆ ಕೂಡಿದೆ, ಆದ್ರೆ ಬೆನ್ನುಹುರಿಯಲ್ಲಿ ನೋವಿನ ಸಂದೇಶ ಹಾಯೋ ಜಾಗ ಅತಿಸೂಕ್ಷ್ಮ ಆಗಿಬಿಟ್ಟಿದೆ. ಅದಕ್ಕೇ ಸೆರಗು ತಾಗಿದ್ರೂ ಉರಿ. ಹಾಗೆ ಸೂಕ್ಷ್ಮ ಆಗೋದರಲ್ಲಿ ಎನ್‌ಎಂಡಿಎ ಅನ್ನೋ ಗ್ರಾಹಕದ (ನರಕೋಶದ ಮೇಲಿನ ರಿಸೆಪ್ಟರ್) ಪಾತ್ರ ದೊಡ್ಡದು, ಕೆಟಮಿನ್ ಅದನ್ನ ಅಡ್ಡಗಟ್ಟುತ್ತೆ. ಇದು ಮಾರ್ಫಿನ್ ಜಾತಿಯದ್ದಲ್ಲ.

ನಾಟಕ ಅಂದವರಿಗೆ ಹೇಳಿ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲೇ ವೀರ್ ಮಿಚೆಲ್ ಅನ್ನೋ ವೈದ್ಯ ಗುಂಡೇಟು ತಿಂದ ಸಿಪಾಯಿಗಳಲ್ಲಿ ಇದೇ ಉರಿಯನ್ನ ನೋಡಿ ಬರೆದಿಟ್ಟಿದ್ದ. ಒದ್ದೆ ಬಟ್ಟೆ ಸುತ್ಕೊಂಡು ಕೂರ್ತಿದ್ರಂತೆ ಅವರು.

ಚಾಮುಂಡಿಪುರಂ_ವಾಸಿ
ನಾನು ತಗೊಂಡಿದ್ದೀನಿ ತಮ್ಮಾ. ಎಡಗಾಲಿನ ಪಾದ, ಹಿಮ್ಮಡಿ ತಿರುಚಿದ ಮೇಲೆ ಬಂದಿದ್ದು. ನಿಮ್ಮಕ್ಕನದೇ ಕಥೆ, ಜಾಗ ಬೇರೆ. ಹೊದಿಕೆ ಕಾಲಿಗೆ ತಾಗಬಾರದು ಅಂತ ಮಂಚದ ತುದಿಗೆ ರಟ್ಟಿನ ಡಬ್ಬ ಇಟ್ಕೊಂಡು ಮಲಗ್ತಿದ್ದೆ.

ಏನಾಗುತ್ತೆ ಅಂದ್ರಲ್ಲ, ಬರೀತೀನಿ. ಬೆಳಿಗ್ಗೆ ಏನೂ ತಿನ್ನದೆ ಬನ್ನಿ ಅಂದಿದ್ರು. ಬಿಪಿ ಪಟ್ಟಿ, ಬೆರಳಿಗೆ ಕ್ಲಿಪ್ಪು, ಎದೆಗೆ ಇಸಿಜಿ ತಂತಿ. ವಾಂತಿ ಆಗದ ಹಾಗೆ ಒಂದು ಇಂಜೆಕ್ಷನ್, ಮನಸ್ಸು ತಿಳಿಯಾಗಿರ್ಲಿ ಅಂತ ಇನ್ನೊಂದು. ಆಮೇಲೆ ಪಂಪಿಂದ ನಿಧಾನಕ್ಕೆ ಶುರು. ಮೊದಲು ಏನೂ ಗೊತ್ತಾಗ್ಲಿಲ್ಲ. ಆಮೇಲೆ ತುಟಿ ಜೋಮು, ಕಿವಿಯಲ್ಲಿ ಗುಂಯ್ ಸದ್ದು. ಸೀಲಿಂಗು ಮೇಲೆ ಮೇಲೆ ಹೋಗ್ತಾ ಇದೆ. ಸಿಸ್ಟರ್ ಹತ್ರಾನೇ ನಿಂತಿದಾರೆ, ಮಾತು ಮಾತ್ರ ಎಲ್ಲೋ ದೂರದಿಂದ ಕೇಳುತ್ತೆ. ಕಾಲು ಇದೆ ಅಂತ ಗೊತ್ತು, ಆದ್ರೆ ನಂದಲ್ಲ ಅನ್ನಿಸ್ತು. ಅಷ್ಟು ದಿನದಲ್ಲಿ ಮೊದಲನೇ ಸಲ ಆ ಕಾಲಿನ ಬಗ್ಗೆ ಯೋಚನೆಯೇ ಇಲ್ಲದೆ ಮಲಗಿದ್ದೆ. ಡಾಕ್ಟರಮ್ಮ ಮೊದಲೇ ಕೂರಿಸ್ಕೊಂಡು ಹೀಗೆಲ್ಲ ಆಗುತ್ತೆ, ಹೆದರ್ಕೋಬೇಡಿ, ನಿಲ್ಲಿಸಿದ್ರೆ ಬೇಗ ಇಳಿಯುತ್ತೆ ಅಂತ ಹೇಳಿದ್ರಿಂದ ಭಯ ಆಗ್ಲಿಲ್ಲ.

ಮೊದಲ ಎರಡು ದಿನ ವಾಂತಿ, ತಲೆ ಭಾರ ಬಿಟ್ರೆ ಏನೂ ಸಿಗ್ಲಿಲ್ಲ. ಯಜಮಾನ್ರ ಹತ್ರ ದುಡ್ಡು ಹಾಳು ಅಂತ ಅತ್ತಿದ್ದೂ ಆಯ್ತು. ವಾರದ ಕೊನೆಗೆ ಕಾಲುಚೀಲ ಹಾಕ್ಕೊಂಡೆ. ಬರೀ ಕಾಲುಚೀಲ! ಹತ್ತಕ್ಕೆ ಒಂಬತ್ತು ಇದ್ದ ನೋವು ನಾಲ್ಕಕ್ಕೆ ಬಂತು. ಸೊನ್ನೆ ಆಗ್ಲಿಲ್ಲ, ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಎರಡು ತಿಂಗಳು ಹತ್ರ ಚೆನ್ನಾಗಿದ್ದೆ, ಆಮೇಲೆ ನಿಧಾನಕ್ಕೆ ಏರ್ತು. ಮತ್ತೆ ಹಾಕಿಸ್ಕೊಂಡೆ.

ಧಾರವಾಡ_ಪೇಢೆ
ಅಕ್ಕಾರ ನಿಮಗ ಹತ್ತಿತು, ಚಲೋ ಆತು. ನನಗ ಏನೇನೂ ಆಗ್ಲಿಲ್ಲರಿ. ಅದನ್ನೂ ಮಂದಿಗೆ ಗೊತ್ತಾಗ್ಲಿ ಅಂತ ಬರ್ಯಾಕತ್ತೀನಿ.

ನಂದು ಬೆನ್ನಿಂದು. ಡಿಸ್ಕ್ ಆಪರೇಷನ್ ಆದಮ್ಯಾಲೂ ಕಾಲಿನ ಸೆಳೆತ ಹೋಗ್ಲಿಲ್ಲ. ಯಾರೋ ಹೇಳಿದ್ರು ಅಂತ ಒಂದು ಸಣ್ಣ ಕ್ಲಿನಿಕ್ಕಿಗೆ ಹೋದೆ, ಹೆಸರು ಬ್ಯಾಡ. ಏನಾಗ್ತದ ಅಂತ ಒಂದು ಮಾತೂ ಹೇಳ್ಲಿಲ್ಲ. ಸಲೈನ್ ಹಚ್ಚಿದ್ರು, ಬಾಜೂಕ ಟಿವಿಯೊಳಗ ಧಾರಾವಾಹಿ ಜೋರ್ ಹಚ್ಚಿದ್ರು, ಹೊರಗ ಹೋದ್ರು. ಬೆರಳಿಗೆ ಕ್ಲಿಪ್ಪೂ ಇಲ್ಲ, ಬಿಪಿ ನೋಡಾವ್ರೂ ಇಲ್ಲ. ಗ್ವಾಡಿ ನನ್ನ ಮ್ಯಾಲೆ ಬರಾಕತ್ತಿತು. ಟಿವಿಯೊಳಗಿನ ಅತ್ತಿ ಸೊಸಿ ಜಗಳ ನನ್ನ ತಲಿ ಒಳಗ ನಡದಂಗ. ಸತ್ತೇ ಹೋದೆ ಅಂತ ಒದರಿದೆ. ಯಾರೂ ಬರ್ಲಿಲ್ಲ. ನಾನs ಸೂಜಿ ಕಿತ್ತೊಗದೆ.

ಮುಂದ ಹುಬ್ಬಳ್ಳಿಯೊಳಗ ಬ್ಯಾರೆ ಡಾಕ್ಟರ್ ಕಡೆ ಸರಿಯಾಗಿ ಮಾನಿಟರ್ ಹಚ್ಚಿ ಇನ್ನೊಮ್ಮೆ ಕೊಟ್ರು. ಆವಾಗ ಹೆದರಿಕಿ ಆಗ್ಲಿಲ್ಲ, ಖರೆ ನೋವೂ ಕಡಿಮಿ ಆಗ್ಲಿಲ್ಲ. ಈಗ ದಿನಾ ಕೆರಿ ದಂಡಿಗೆ ವಾಕಿಂಗ್, ಡ್ಯುಲಾಕ್ಸೆಟಿನ್ ಗುಳಿಗಿ, ಅಷ್ಟs.

ಪ್ರಶ್ನೆರಾಯ
ಒಬ್ಬರಿಗೆ ಆಯ್ತು, ಒಬ್ಬರಿಗೆ ಆಗ್ಲಿಲ್ಲ. ಪುರಾವೆ ಏನು ಹೇಳುತ್ತೆ ಅಂತ ಯಾರೂ ಕೇಳ್ತಿಲ್ಲ. 2025ರಲ್ಲಿ ಕಾಕ್ರೇನ್ ವಿಮರ್ಶೆ, ಅಂದ್ರೆ ಆಗಿರೋ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡೋ ವರದಿ, ಬಂತು. ಕೆಟಮಿನ್ ಮತ್ತು ಅದೇ ಥರ ಕೆಲಸ ಮಾಡೋ ಮದ್ದುಗಳ ಮೇಲಿನ 67 ಪ್ರಯೋಗ, 2,300ಕ್ಕೂ ಹೆಚ್ಚು ರೋಗಿಗಳು. ದೀರ್ಘಕಾಲದ ನೋವಿಗೆ ಉಪಯೋಗ ಅನ್ನೋಕೆ ಮನವರಿಕೆ ಆಗೋಂಥ ಪುರಾವೆ ಇಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚು ಅನ್ನೋದು ಅದರ ತೀರ್ಮಾನ. ಇಷ್ಟಾದ ಮೇಲೂ ಒಂದು ವಾರದ ಪ್ಯಾಕೇಜು ಮಾರ್ತಾರೆ ಅಂದ್ರೆ ಏನರ್ಥ?

ಇನ್ನೊಂದು. ಈ ಮದ್ದು ಕೊಟ್ರೆ ಸೀಲಿಂಗು ಹಾರುತ್ತೆ, ಉಪ್ಪುನೀರು ಕೊಟ್ರೆ ಹಾರಲ್ಲ. ತನಗೆ ಸಿಕ್ಕಿದ್ದು ಯಾವುದು ಅಂತ ರೋಗಿಗೆ ಗೊತ್ತಾಗೇ ಆಗುತ್ತೆ. ನಂಬಿಕೆಯಿಂದ ಎಷ್ಟು ಇಳೀತು, ಮದ್ದಿನಿಂದ ಎಷ್ಟು ಇಳೀತು ಅಂತ ಬೇರೆ ಮಾಡೋದು ಹೇಗೆ? ಸ್ಟ್ಯಾನ್‌ಫರ್ಡ್‌ನವರು ಬೇರೆ ಆಪರೇಷನ್‌ಗೆ ಅರಿವಳಿಕೆ ಕೊಟ್ಟು ಮಲಗಿಸಿದ್ದ 40 ಖಿನ್ನತೆ ರೋಗಿಗಳ ಮೇಲೆ ಪರೀಕ್ಷೆ ಮಾಡಿದ್ರು, 2023ರಲ್ಲಿ ಪ್ರಕಟ ಆಯ್ತು. ಪ್ರಜ್ಞೆ ಇಲ್ಲದಾಗ ಕೊಟ್ರೆ ಕೆಟಮಿನ್‌ಗೂ ಉಪ್ಪುನೀರಿಗೂ ವ್ಯತ್ಯಾಸ ಸಿಗ್ಲಿಲ್ಲ.

ಚಾಮುಂಡಿಪುರಂ_ವಾಸಿ
ನಂಬಿಕೆಯಿಂದ ಇಳಿಯೋದಾಗಿದ್ರೆ ನಂಜನಗೂಡಿಗೆ ಹರಕೆ ಹೊತ್ತಾಗಲೇ ಇಳೀಬೇಕಿತ್ತು ಸ್ವಾಮಿ.

ಅರಿವಳಿಕೆ_ಅಣ್ಣ
@ಪ್ರಶ್ನೆರಾಯ, ಕಾಕ್ರೇನ್ ಮಾತು ಸರಿ, ಪುರಾವೆ ದುರ್ಬಲ. ಆದ್ರೆ ಅದು ಎಲ್ಲ ಬಗೆಯ ನೋವನ್ನೂ ಒಟ್ಟಿಗೆ ಇಟ್ಟು ನೋಡಿದ್ದು. ಪ್ರಯೋಗಗಳು ಚಿಕ್ಕವು, ಒಂದರ ಹಾಗೆ ಇನ್ನೊಂದಿಲ್ಲ. ಉಪಯೋಗ ಇದೆ ಅಂತ ಸಾಬೀತಾಗಿಲ್ಲ ಅನ್ನೋದೂ, ಉಪಯೋಗ ಇಲ್ಲ ಅಂತ ಸಾಬೀತಾಗಿದೆ ಅನ್ನೋದೂ ಬೇರೆ ಬೇರೆ. ಸ್ಟ್ಯಾನ್‌ಫರ್ಡ್‌ನದು ಖಿನ್ನತೆಗೆ, ಒಂದೇ ಡೋಸು. ಅದನ್ನ ತಂದು ಸಿಆರ್‌ಪಿಎಸ್ ತಲೆಗೆ ಕಟ್ಟೋಕಾಗಲ್ಲ.

ಸಿಆರ್‌ಪಿಎಸ್‌ಗೇ ಅಂತ ನೋಡಿದ್ರೆ 2009ರಲ್ಲಿ ನೆದರ್ಲೆಂಡ್ಸಿನ ಲೈಡನ್‌ನವರು ಮಾಡಿದ ಪ್ರಯೋಗ ಇದೆ. 60 ರೋಗಿಗಳು, ನಾಲ್ಕು ದಿನಕ್ಕೂ ಸ್ವಲ್ಪ ಹೆಚ್ಚು ಹೊತ್ತು ಆಸ್ಪತ್ರೆಯಲ್ಲಿ ನಿರಂತರ ಡ್ರಿಪ್ಪು. ಕೆಟಮಿನ್ ಪಡೆದವರಿಗೆ 11ನೇ ವಾರದವರೆಗೂ ನೋವು ಕಡಿಮೆ ಇತ್ತು, 12ನೇ ವಾರಕ್ಕೆ ಅವರೂ ಬರೀ ಉಪ್ಪುನೀರು ಪಡೆದವರೂ ಸಮ. ಅದೇ ಪ್ರಯೋಗದಲ್ಲಿ ಕೈಕಾಲಿನ ಕೆಲಸ ಮಾತ್ರ ಸುಧಾರಿಸಲಿಲ್ಲ. ಅಮಲಿನಂಥ ಅನುಭವ ಕೆಟಮಿನ್ ಪಡೆದ ನಾಲ್ವರಲ್ಲಿ ಮೂವರಿಗೆ ಆಯ್ತು. 2018ರಲ್ಲಿ ಅಮೆರಿಕದ ಅರಿವಳಿಕೆ ಮತ್ತು ನೋವಿನ ಮೂರು ಸಂಘಗಳು ಸೇರಿ ಮಾರ್ಗಸೂಚಿ ಬರೆದಾಗಲೂ ಸಿಆರ್‌ಪಿಎಸ್‌ಗೆ ಮಧ್ಯಮ ಮಟ್ಟದ ಪುರಾವೆ, 12 ವಾರದವರೆಗೆ ಮಾತ್ರ ಅಂದ್ರು. ಬೆನ್ನುಹುರಿ ಏಟಿನ ನೋವಿಗೆ ದುರ್ಬಲ ಪುರಾವೆ, ಅದೂ ಅಲ್ಪಕಾಲಕ್ಕೆ. ಉಳಿದ ಹೆಚ್ಚಿನ ನೋವುಗಳಿಗೆ ಪುರಾವೆ ಇನ್ನೂ ತೆಳು. ಧಾರವಾಡದವರ ಬೆನ್ನಿಗೂ ಚಾಮುಂಡಿಪುರಂ ಅವರ ಪಾದಕ್ಕೂ ವ್ಯತ್ಯಾಸ ಇದೆ ಅನ್ನೋದನ್ನ ಮರೀಬೇಡಿ.

ಪ್ರಶ್ನೆರಾಯ
ಹನ್ನೆರಡು ವಾರಕ್ಕೆ ಸಮ ಆಗುತ್ತೆ ಅಂತ ನೀವೇ ಹೇಳಿದ್ರಿ. ಹಾಗಿದ್ರೆ ಜೀವನಪೂರ್ತಿ ವರ್ಷಕ್ಕೆ ನಾಲ್ಕು ಸಲ ಹಾಕಿಸ್ಬೇಕಾ? ನಾನು ಕೇಳೋದೂ ಅದನ್ನೇ.

ಕುಡ್ಲ_ಫಿಸಿಯೋ
ಅಲ್ಲ ಮಾರಾಯ್ರೆ, ಆ ಹನ್ನೊಂದು ವಾರ ಏನು ಮಾಡ್ತೀರಿ ಅನ್ನುವುದು ಮುಖ್ಯ ಅಲ್ವಾ? ನಾನು ಫಿಸಿಯೋ. ಸಿಆರ್‌ಪಿಎಸ್ ಕೈ ನನ್ನ ಹತ್ತಿರ ಬರುವಾಗ ಮುಟ್ಟಲಿಕ್ಕೇ ಬಿಡುವುದಿಲ್ಲ. ಮುಟ್ಟದೆ ಎಂಥ ವ್ಯಾಯಾಮ ಮಾಡಿಸುವುದು? ನೋವು ಅಂತ ಕೈ ಅಲ್ಲಾಡಿಸುವುದಿಲ್ಲ, ಅಲ್ಲಾಡಿಸದೆ ಕೀಲು ಬಿಗಿ ಆಗ್ತದೆ, ಬಿಗಿ ಆದ್ದರಿಂದ ಇನ್ನೂ ನೋವು. ಡ್ರಿಪ್ಪು ಹಾಕಿ ನೋವು ಇಳಿದ ಕೂಡಲೇ ಆ ಕೈಯನ್ನು ಕೆಲಸಕ್ಕೆ ಹಚ್ಚಬೇಕು. ಕೆಲವರು ನೋವು ಇಳೀತು ಅಂತ ಮನೆಗೆ ಹೋಗಿ ಆರಾಮ ಮಲಗ್ತಾರೆ. ಮೂರು ತಿಂಗಳಾದ ಮೇಲೆ ಮದ್ದು ನಾಟಲಿಲ್ಲ ಅಂತ ಬರ್ತಾರೆ. ನನಗೆ ಪಿತ್ತ ನೆತ್ತಿಗೇರುವುದು ಆಗಲೇ.

ಶುರುವಿಗೆ ಮೃದು ಬಟ್ಟೆ, ಹತ್ತಿ, ಆಮೇಲೆ ಟವೆಲು, ಅಕ್ಕಿ ತುಂಬಿದ ಪಾತ್ರೆಯಲ್ಲಿ ಕೈ ಆಡಿಸುವುದು. ಕನ್ನಡಿ ಚಿಕಿತ್ಸೆಯೂ ಉಂಟು. ಒಳ್ಳೆ ಕೈಯ ಬಿಂಬ ನೋಡ್ತಾ ನೋಡ್ತಾ ಎರಡನ್ನೂ ಆಡಿಸುವುದು. ಮದ್ರಾಸಿನಲ್ಲಿ ಓದಿ ಅಮೆರಿಕಕ್ಕೆ ಹೋದ ವಿ. ಎಸ್. ರಾಮಚಂದ್ರನ್ ಅವರು ಕೈ ಕತ್ತರಿಸಿದವರ ಇಲ್ಲದ ಕೈಯ ನೋವಿಗೆ ಶುರು ಮಾಡಿದ್ದು ಅದು. ಖರ್ಚು ಒಂದು ಕನ್ನಡಿ.

ಅಜ್ಜಿ_ಮದ್ದು
ಇಷ್ಟೆಲ್ಲ ಯಾಕೆ? ಪುತ್ತೂರು ಕಟ್ಟು ಕಟ್ಟಿಸಿ. ನಮ್ಮ ಮಾವನಿಗೆ ಮೂರು ಕಟ್ಟಲ್ಲಿ ವಾಸಿ.

ಕುಡ್ಲ_ಫಿಸಿಯೋ
ಮೂಳೆ ಆಗಲೇ ಕೂಡಿದೆ ಅಜ್ಜೀ, ಇನ್ನೆಂಥ ಕಟ್ಟುವುದು? ಸಿಆರ್‌ಪಿಎಸ್ ಕೈಗೆ ಬಿಗಿಯಾಗಿ ಕಟ್ಟಿ ಇಡುವುದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ.

ಸುಮ್ನೆ_ಓದ್ತೀನಿ
ಅಂದಹಾಗೆ ಪುತ್ತೂರು ಆಂಧ್ರದ್ದು, ದಕ್ಷಿಣ ಕನ್ನಡದ್ದಲ್ಲ. ಪ್ರತಿ ಸಲ ಯಾರಾದ್ರೂ ಕುಡ್ಲ ಬಸ್ ಹತ್ತೋಕೆ ಹೊರಡ್ತಾರೆ 😄

ಡಾಲಸ್_ಗೌಡ್ತಿ
ಇಲ್ಲಿ ಅಮೆರಿಕದಲ್ಲಿ ಬೀದಿಗೊಂದು ಕೆಟಮಿನ್ ಕ್ಲಿನಿಕ್ ತೆಗೆದಿದಾರೆ. ಹೆಚ್ಚಿನವು ಖಿನ್ನತೆಗೆ, ಜೊತೆಗೆ ನೋವಿಗೂ ಅಂತ ಬೋರ್ಡು. ನೋವಿಗೆ ಅಂತ ಸರ್ಕಾರದ ಮಂಜೂರಾತಿ ಇಲ್ಲ, ಅರಿವಳಿಕೆಗೆ ಇರೋ ಮಂಜೂರಾತಿ ಮೇಲೆ ಡಾಕ್ಟರು ತಮ್ಮ ವಿವೇಚನೆಯಲ್ಲಿ ಕೊಡೋದು. ಹಾಗಾಗಿ ವಿಮೆ ಬಹಳ ಕಡೆ ಕೊಡಲ್ಲ. 2019ರಲ್ಲಿ ಮಂಜೂರಾದ ಮೂಗಿನ ಸ್ಪ್ರೇ ಎಸ್ಕೆಟಮಿನ್ (ಕೆಟಮಿನ್ನದೇ ಒಂದು ರೂಪ) ಕೂಡ ಖಿನ್ನತೆಗೆ ಮಾತ್ರ.

ನನಗೆ ಸರ್ಪಸುತ್ತು ಆದ ಮೇಲೆ ಎದೆಯ ಚರ್ಮದಲ್ಲಿ ಉಳಿದ ಉರಿನೋವಿಗೆ ಹಾಕಿಸ್ಕೊಂಡೆ. ನೋವು ಕಡಿಮೆ ಆಯ್ತು, ಆದ್ರೆ ಎರಡು ವಾರ ದಾಟ್ಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನ ಮೂಡು ಸುಧಾರಿಸ್ತು, ಅದು ನೋವಿನಿಂದಲೋ ಮದ್ದಿನಿಂದಲೋ ಗೊತ್ತಿಲ್ಲ. ಬಿಲ್ಲು ನೋಡಿದ ಮೇಲೆ ಮತ್ತೆ ಮೂಡು ಕೆಟ್ಟಿದ್ದು ಬೇರೆ ವಿಷಯ.

ಸುಮ್ನೆ_ಓದ್ತೀನಿ
ಅಲ್ಲೇ ಅಲ್ವಾ ಆ ನಟ ತೀರ್ಕೊಂಡಿದ್ದು? ಮ್ಯಾಥ್ಯೂ ಪೆರ್ರಿ?

ಡಾಲಸ್_ಗೌಡ್ತಿ
ಹೌದು, 2023ರ ಅಕ್ಟೋಬರಿನಲ್ಲಿ. ಆದ್ರೆ ಪೂರ್ತಿ ಕೇಳಿ. ಅವರು ಖಿನ್ನತೆಗೆ ಕ್ಲಿನಿಕ್‌ನಲ್ಲಿ ತಗೊಳ್ತಿದ್ದಿದ್ದು ನಿಜ, ಆದ್ರೆ ಕೊನೆಯ ಡ್ರಿಪ್ಪು ಆಗಿ ಒಂದು ವಾರದ ಮೇಲೆ ಆಗಿತ್ತು. ಸಾಯೋ ದಿನ ರಕ್ತದಲ್ಲಿ ಸಿಕ್ಕಿದ್ದು ಆ ಮದ್ದಾಗಿರೋಕೆ ಸಾಧ್ಯವಿಲ್ಲ ಅಂತ ಶವಪರೀಕ್ಷೆ ವರದಿಯಲ್ಲೇ ಇದೆ. ಮನೆಯಲ್ಲಿ, ಕಳ್ಳದಾರಿಯಲ್ಲಿ ತರಿಸಿದ್ದು. ಮೈ ಮರೆತು ಬಿಸಿನೀರ ತೊಟ್ಟಿಯಲ್ಲಿ ಮುಳುಗಿದ್ರು. ಆ ಕೇಸಲ್ಲಿ ಡಾಕ್ಟರುಗಳೂ ತಪ್ಪೊಪ್ಪಿಕೊಂಡ್ರು.

ಔಷಧಿ_ಅಂಗಡಿ
ಚಟದ ಬಗ್ಗೆ ಕೇಳಿದ್ರಲ್ಲ, ಕಾನೂನಿನ ಕಡೆಯಿಂದ ಹೇಳ್ತೀನಿ. ನಮ್ಮಲ್ಲಿ 2011ರಲ್ಲಿ ಇದನ್ನ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ಕಾಯ್ದೆಯ ಪಟ್ಟಿಗೆ ಸೇರಿಸಿದ್ರು. 2013ರ ಕೊನೆಯಲ್ಲಿ ಶೆಡ್ಯೂಲ್ ಎಕ್ಸ್‌ಗೂ ಹಾಕಿದ್ರು. ಅಂದ್ರೆ ಚೀಟಿ ಎರಡು ಪ್ರತಿ ಬೇಕು, ಒಂದನ್ನ ಅಂಗಡಿಯವರು ಎರಡು ವರ್ಷ ಕಾಪಿಡಬೇಕು, ಅದಕ್ಕೆ ಬೇರೆ ಲೈಸೆನ್ಸು, ಬೀಗ ಹಾಕಿದ ಕಪಾಟು. ಇದೆಲ್ಲ ತಲೆನೋವು ಅಂತ ಬಹಳ ಅಂಗಡಿಗಳು ಇಡೋದೇ ಇಲ್ಲ. ನಿಮ್ಮ ಡಾಕ್ಟ್ರು ಹೊರಗಿಂದ ತಗೊಂಡ್ಬನ್ನಿ ಅಂದ್ರೆ ಅನುಮಾನ ಪಡಿ, ಆಸ್ಪತ್ರೆಯ ಸ್ಟಾಕಿಂದಲೇ ಬರಬೇಕು.

ಮದ್ದು ಅಗ್ಗ. ದುಡ್ಡು ಹೋಗೋದು ಹಾಸಿಗೆ, ಮಾನಿಟರು, ಪಕ್ಕದಲ್ಲಿ ಕೂರೋ ಡಾಕ್ಟ್ರಿಗೆ. ಅದಕ್ಕೇ ಒಂದೊಂದು ಕಡೆ ಒಂದೊಂದು ರೇಟು.

ಹಾಸನದ_ತಮ್ಮ
ಇಷ್ಟು ಜನ ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ. ಎಲ್ಲವನ್ನೂ ಅಕ್ಕನಿಗೆ ಓದಿ ಹೇಳ್ತಾ ಇದೀನಿ. ಚಿರತೆ ವಿಷಯ ಕೇಳಿ ನಕ್ಕಳು. ವಿಮೆ ಕೇಳಿದ್ವಿ, 24 ಗಂಟೆ ಅಡ್ಮಿಟ್ ಆಗ್ಬೇಕು ಅಂತಾರೆ, ಡೇ ಕೇರ್ ಪಟ್ಟಿಯಲ್ಲಿ ಇದರ ಹೆಸರಿಲ್ಲವಂತೆ.

ಅವಳ ಒಂದೇ ಪ್ರಶ್ನೆ: ಮುದ್ದೆ ತೊಳಸೋಕೆ ಆಗುತ್ತಾ? ಕೋಲು ಹಿಡಿಯೋದು ಬಲಗೈ.

ಇನ್ನೊಂದು, ಅವಳಿಗೆ ಬಿಪಿ ಇದೆ, ಮಾತ್ರೆ ತಗೋತಾಳೆ. ತೊಂದ್ರೆನಾ?

ಅರಿವಳಿಕೆ_ಅಣ್ಣ
ಬಿಪಿ ಹಿಡಿತದಲ್ಲಿದ್ರೆ ಸಾಮಾನ್ಯವಾಗಿ ಕೊಡಬಹುದು, ಹಿಡಿತದಲ್ಲಿ ಇಲ್ಲದಿದ್ರೆ ಕೊಡಬಾರದು. ಡ್ರಿಪ್ಪಿನ ಹೊತ್ತಲ್ಲಿ ಬಿಪಿ ಏರೇ ಏರುತ್ತೆ, ಅದಕ್ಕೇ ಮಾನಿಟರು. ಆ ದಿನ ಬೆಳಿಗ್ಗೆ ಬಿಪಿ ಮಾತ್ರೆ ತಗೋಬೇಕಾ ಅಂತ ಮೊದಲೇ ಕೇಳ್ಕೊಳ್ಳಿ. ಗರ್ಭಿಣಿಯರಿಗೆ, ಚಿತ್ತವಿಕಲತೆ ಇರೋವರಿಗೆ, ಹೃದಯದ ಕಾಯಿಲೆ ಹಿಡಿತದಲ್ಲಿ ಇಲ್ಲದವರಿಗೆ, ಲಿವರ್ ತೀರಾ ಕೆಟ್ಟವರಿಗೆ, ತಲೆಯೊಳಗಿನ ಅಥವಾ ಕಣ್ಣಿನ ಒತ್ತಡ ಹೆಚ್ಚಿರೋವರಿಗೆ ಬೇಡ. ಹಿಂದೆ ಯಾವುದಾದ್ರೂ ಚಟ ಇದ್ರೆ ಮುಚ್ಚಿಡದೆ ಹೇಳಬೇಕು.

ಚಟದ ಪ್ರಶ್ನೆಗೆ ಪೂರ್ತಿ ಉತ್ತರ: ಆಸ್ಪತ್ರೆಯಲ್ಲಿ ಅಪರೂಪಕ್ಕೆ ಕಡಿಮೆ ಡೋಸು ತಗೊಂಡವರಿಗೆ ಚಟ ಹತ್ತಿದ್ದು ನಾನು ನೋಡಿಲ್ಲ. ಆದ್ರೆ ಈ ಮದ್ದಿಗೆ ಚಟ ಇದೆ. ದಿನಾ ಅಮಲಿಗೆ ತಗೊಳ್ಳೋರ ಮೂತ್ರಕೋಶ ಹುಣ್ಣಾಗಿ ಕುಗ್ಗಿ ಹೋಗುತ್ತೆ. 2007ರಲ್ಲಿ ಟೊರಾಂಟೊದ ವೈದ್ಯರು ಮೊದಲು ವರದಿ ಮಾಡಿದ್ದು. ಹಾಗಾಗಿ ಪದೇ ಪದೇ ಹಾಕಿಸ್ಕೊಳ್ಳೋರು ಉರಿಮೂತ್ರ, ಮೇಲಿಂದ ಮೇಲೆ ಮೂತ್ರ ಅಂದ್ರೆ ತಕ್ಷಣ ಹೇಳಬೇಕು. ಲಿವರ್ ಪರೀಕ್ಷೆಯೂ ಆಗ್ತಿರಬೇಕು.

ಧಾರವಾಡ_ಪೇಢೆ
ಇದನ್ನ ಯಾರೂ ನನಗ ಹೇಳಿದ್ದಿಲ್ಲ ನೋಡ್ರಿ.

ಲೀಡ್ಸ್_ಶೆಟ್ರು
ಇಲ್ಲಿ ಇಂಗ್ಲೆಂಡಿನಲ್ಲಿ ಬೇರೆಯೇ ಕಥೆ. ನನ್ನ ಹೆಂಡತಿಗೂ ಸಿಆರ್‌ಪಿಎಸ್. 2021ರಲ್ಲಿ ನೈಸ್ ಅನ್ನೋ, ಚಿಕಿತ್ಸೆ ಹೇಗಿರಬೇಕು ಅಂತ ಹೇಳುವ ಸರ್ಕಾರಿ ಸಂಸ್ಥೆ ದೀರ್ಘಕಾಲದ ಪ್ರಾಥಮಿಕ ನೋವಿಗೆ (ಬೇರೆ ಕಾರಣದಿಂದ ವಿವರಿಸಲಾಗದ ನೋವು, ಸಿಆರ್‌ಪಿಎಸ್ ಕೂಡ ಅದರಲ್ಲೇ) ಮಾರ್ಗಸೂಚಿ ತಂತು. ಕೆಟಮಿನ್ ಶುರು ಮಾಡಬೇಡಿ ಅಂದಿತು. ಅದು ಬಿಡಿ, ಪ್ಯಾರಾಸಿಟಮಾಲ್, ಪ್ರಿಗ್ಯಾಬಲಿನ್ ಕೂಡ ಬೇಡದ ಪಟ್ಟಿಯಲ್ಲಿ. ವ್ಯಾಯಾಮ, ಮನಶ್ಶಾಸ್ತ್ರಜ್ಞರ ಜತೆ ಮಾತು, ಕೆಲವು ಖಿನ್ನತೆಯ ಮಾತ್ರೆ, ಅಕ್ಯುಪಂಕ್ಚರ್ ಇಷ್ಟೇ ಸರಿ ಅಂತ. ಹೆಂಡತಿ ಪೇನ್ ಕ್ಲಿನಿಕ್‌ನಲ್ಲಿ ಕೇಳಿದ್ದಕ್ಕೆ ನಯವಾಗಿ ಇಲ್ಲ ಅಂದ್ರು. ಅವಳು ಊರಿಗೆ ಹೋಗಿ ಹಾಕಿಸ್ಕೊಂಡು ಬರೋಣ ಅಂತಾಳೆ. ನಾನು ಬೇಡ ಅಂತೇನೆ. ಅಲ್ಲಿ ಹಾಕಿಸಿ ಇಲ್ಲಿ ಬಂದ ಮೇಲೆ ಏರುಪೇರಾದರೆ ನೋಡುವವರು ಯಾರು?

ಪ್ರಶ್ನೆರಾಯ
ನೋಡಿ, ಒಂದು ದೇಶದ ಸರ್ಕಾರವೇ ಬೇಡ ಅಂದಿದೆ.

ಚಾಮುಂಡಿಪುರಂ_ವಾಸಿ
ಆ ಸರ್ಕಾರ ಪ್ಯಾರಾಸಿಟಮಾಲೂ ಬೇಡ ಅಂದಿದೆಯಲ್ಲ, ಅದನ್ನೂ ಒಪ್ತೀರಾ? ನೀವು ಮುಂದಿನ ಸಲ ಬೆನ್ನು ನೋವು ಅಂದಾಗ ನೆನಪಿಸ್ತೀನಿ. ನೋವು ಇಲ್ಲದವರು ಪುರಾವೆ ಕೇಳ್ತಾ ಹತ್ತು ವರ್ಷ ಕಾಯಬಹುದು. ಫ್ಯಾನ್ ಹಾಕ್ಕೊಳ್ಳೋಕಾಗದೆ ಏಪ್ರಿಲ್ ತಿಂಗಳು ಕಳೆದವಳಿಗೆ ಎರಡು ತಿಂಗಳ ಹಗುರ ಅಂದ್ರೆ ಎಷ್ಟು ಅಂತ ನಿಮಗೆ ಗೊತ್ತಿಲ್ಲ.

ಪ್ರಶ್ನೆರಾಯ
ಮೇಡಂ, ನನಗೆ ನೋವಿಲ್ಲ ಅಂತ ಯಾರು ಹೇಳಿದ್ರು? 2006ರ ಚಿಕೂನ್‌ಗುನ್ಯಾ ಆದಾಗಿಂದ ನನ್ನ ಕೀಲುಗಳು ನೆಟ್ಟಗಿಲ್ಲ. ಬೂದಿಯಿಂದ ಹಿಡಿದು ಬಂಗಾರದ ಭಸ್ಮದವರೆಗೆ ಎಲ್ಲವನ್ನೂ ನನಗೆ ಮಾರಿದ್ದಾರೆ. ಅದಕ್ಕೇ ಕೇಳ್ತೀನಿ.

ಚಾಮುಂಡಿಪುರಂ_ವಾಸಿ
ಹಾಗಾದ್ರೆ ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಆದ್ರೂ ನನ್ನ ಕಾಲು ನನ್ನದು.

ವೇದಿಕೆ_ನಿರ್ವಾಹಕಿ
ಜಗಳ ಇಲ್ಲಿಗೆ ಸಾಕು. ಒಬ್ಬರು ಈ ಮದ್ದು ಆನ್‌ಲೈನಲ್ಲಿ ಎಲ್ಲಿ ಸಿಗುತ್ತೆ, ಮನೆಯಲ್ಲೇ ಎಷ್ಟು ಹಾಕ್ಕೋಬಹುದು ಅಂತ ಕೇಳಿದ್ದರು, ಆ ಪ್ರತಿಕ್ರಿಯೆ ತೆಗೆದಿದ್ದೇನೆ. ಡೋಸಿನ ಲೆಕ್ಕ, ಮಾರುವವರ ನಂಬರು ಇಲ್ಲಿ ಹಾಕುವಂತಿಲ್ಲ.

ಕುಡ್ಲ_ಫಿಸಿಯೋ
@ಹಾಸನದ_ತಮ್ಮ, ಮುದ್ದೆ ಪ್ರಶ್ನೆಗೆ. ಈಗಲೇ ಹೌದು ಅಂತ ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಮುದ್ದೆ ತೊಳಸುವುದಕ್ಕೆ ಹಿಡಿತ ಬೇಕು, ಮಣಿಕಟ್ಟು ತಿರುಗಬೇಕು, ಮೇಲಿಂದ ಒತ್ತಬೇಕು, ಜೊತೆಗೆ ಬಿಸಿ ಹಬೆ. ಎಲ್ಲವೂ ಅವರಿಗೆ ಈಗ ಆಗದ್ದೇ. ಗುರಿ ಅಂತ ಅದನ್ನೇ ಇಟ್ಟುಕೊಳ್ಳಿ, ಆದರೆ ಶುರು ಮಾಡುವುದು ಖಾಲಿ ಪಾತ್ರೆಯಲ್ಲಿ ಬರೀ ಕೋಲು ಹಿಡಿದು. ಆಮೇಲೆ ತಣ್ಣಗಿನ ಹಿಟ್ಟು. ಡ್ರಿಪ್ಪಿನ ವಾರದಲ್ಲೇ ಫಿಸಿಯೋ ಅಪಾಯಿಂಟ್‌ಮೆಂಟು ಹಿಡಿದಿಡಿ, ಮುಗಿದ ಮೇಲೆ ಹುಡುಕುತ್ತಾ ಕೂರಬೇಡಿ. ಹಾಸನದಲ್ಲೇ ಸಿಕ್ಕಿದರೆ ಅಲ್ಲೇ ಮಾಡಿಸಿ, ದಿನಾ ಬೆಂಗಳೂರು ಬಸ್ಸಿನಲ್ಲಿ ಕೈ ಕುಲುಕಿಸಿಕೊಂಡು ಹೋಗುವುದು ಬೇಡ.

ಅರಿವಳಿಕೆ_ಅಣ್ಣ
ಬಸ್ಸಿನ ಮಾತು ಬಂತಲ್ಲ, ಡ್ರಿಪ್ಪಿನ ವಾರ ಬೆಂಗಳೂರಲ್ಲೇ ನೆಂಟರ ಮನೆಯಲ್ಲಿ ಉಳ್ಕೊಳ್ಳಿ. ವಾಪಸ್ ಹೋಗೋವಾಗ ಜೊತೆಗೆ ಒಬ್ಬರು ಇರಲೇಬೇಕು. ಆ ದಿನ ಗಾಡಿ ಓಡಿಸೋದು, ಸಹಿ ಹಾಕೋದು, ಜಮೀನು ವ್ಯವಹಾರ ಮಾತಾಡೋದು ಏನೂ ಬೇಡ. ಕೋಣೆ ಮಬ್ಬು ಬೆಳಕಲ್ಲಿ ಇರಲಿ, ಟಿವಿ ಬೇಡ. ಧಾರವಾಡದವರ ಅತ್ತೆ ಸೊಸೆ ನೆನಪಿರಲಿ.

ಹಿಂದೆ ಆಪರೇಷನ್ ಡೋಸು ಕೊಟ್ಟಾಗ ಎಚ್ಚರ ಆಗೋ ಹೊತ್ತಿಗೆ ಜನ ಏನೇನೋ ನೋಡ್ತಿದ್ರು. ಒಬ್ಬ ಯಜಮಾನ್ರು ನನ್ನನ್ನೇ ಯಮಧರ್ಮ ಅಂದ್ಕೊಂಡು ಮಗಳ ಮದುವೆ ಮುಗಿಯೋವರೆಗೂ ಬಿಡು ಅಂತ ಕೈ ಮುಗಿದ್ರು. ನಾನು ಆಗ ಹೊಸಬ, ಆಗಲಿ ಅಂದುಬಿಟ್ಟೆ.

ಕಾಡು_ಪಶುವೈದ್ಯ
ನಮ್ಮ ರೋಗಿಗಳು ಏನು ನೋಡ್ತಾರೋ, ಎದ್ದ ಮೇಲೆ ಹೇಳೋಕೆ ನಿಲ್ಲಲ್ಲ.

ಹಾಸನದ_ತಮ್ಮ
😂 ಅಕ್ಕನಿಗೆ ಇದನ್ನೂ ಓದಿದೆ.

ನಿನ್ನೆ ಭಾವನೂ ಕೂತು ಇಡೀ ದಾರ ಓದಿದ್ರು. ಏನೂ ಮಾತಾಡ್ಲಿಲ್ಲ, ಆದ್ರೆ ಬೆಳಿಗ್ಗೆ ಡಾಕ್ಟ್ರಿಗೆ ಫೋನ್ ಮಾಡಿ ಮಾನಿಟರ್ ಇರುತ್ತಾ, ನೀವೇ ಪಕ್ಕದಲ್ಲಿ ಇರ್ತೀರಾ, ಫಿಸಿಯೋ ಯಾವಾಗ ಅಂತೆಲ್ಲ ಅವರೇ ಕೇಳಿದ್ರು. ಡಾಕ್ಟ್ರು ಬೇಸರ ಮಾಡ್ಕೊಳ್ದೆ ಉತ್ತರ ಕೊಟ್ರು. ಪೂರ್ತಿ ವಾಸಿ ಅಂತ ಭರವಸೆ ಕೊಡಲ್ಲ, ಮೊದಲ ಸುತ್ತಲ್ಲಿ ನೋವು ಇಳೀದಿದ್ರೆ ಎರಡನೇದು ಮಾಡಲ್ಲ ಅಂದ್ರು. ಅಕ್ಕ ಹೂಂ ಅಂದಿದಾಳೆ. ದೀಪಾವಳಿ ಕಳೆದ ಮೇಲೆ ಹೋಗ್ತೀವಿ.

ಪ್ರಶ್ನೆರಾಯ
ಇಳೀದಿದ್ರೆ ಎರಡನೇದು ಮಾಡಲ್ಲ ಅಂದ್ರಲ್ಲ, ಆ ಡಾಕ್ಟ್ರು ಪರವಾಗಿಲ್ಲ. ಮುಂಚೆಯೇ ಒಂದು ಪುಸ್ತಕದಲ್ಲಿ ದಿನಾ ನೋವು ಎಷ್ಟು, ಕೈಯಲ್ಲಿ ಏನು ಮಾಡಿದ್ರು ಅಂತ ಬರೆದಿಡೋಕೆ ಹೇಳಿ. ಆಮೇಲೆ ಹೋಲಿಸಿ ನೋಡಬಹುದು. ಬಂದು ಇಲ್ಲಿ ಹಾಕಿ, ಕೆಲಸ ಮಾಡದಿದ್ರೂ ಹಾಕಿ.

ಧಾರವಾಡ_ಪೇಢೆ
ಅಕ್ಕಾರಿಗೆ ಚಲೋ ಆಗ್ಲಿ. ಸೂಜಿ ಮಾತ್ರ ಕಿತ್ತೊಗಿಬ್ಯಾಡ್ರಿ ಅಂತ ಹೇಳ್ರಿ.

ತಿಪಟೂರು_ಟೀಚರ್
ತಡವಾಗಿ ಬಂದೆ. ನನಗೆ ಫೈಬ್ರೊಮಯಾಲ್ಜಿಯಾ, ಮೈಯೆಲ್ಲ ನೋವು. ಇದಕ್ಕೂ ಕೊಡ್ತಾರಾ?

ಅರಿವಳಿಕೆ_ಅಣ್ಣ
ಕೊಡೋರು ಇದ್ದಾರೆ ಟೀಚರ್, ನಾನಾದ್ರೆ ಕೊಡಲ್ಲ. ಅದರಲ್ಲಿ ನೋವು ಇಳಿಯೋದು ಬಹುಮಟ್ಟಿಗೆ ಡ್ರಿಪ್ಪು ಓಡೋ ಹೊತ್ತಲ್ಲಿ, ಆಮೇಲೆ ಉಳಿಯುತ್ತೆ ಅನ್ನೋಕೆ ಪುರಾವೆ ತೀರಾ ಕಡಿಮೆ. ನಿದ್ದೆ ಹೇಗಿದೆ, ಈಗ ಯಾವ ಮಾತ್ರೆ ನಡೀತಿದೆ ಅಂತ ಬರೀರಿ, ಹೊಸ ದಾರದಲ್ಲಿ ಮಾತಾಡೋಣ.